ಏಳನೇ ಐರನ್ನು

ನಮ್ಮ ಭಾವ ಗಾಲ್ಫ್ ಆಡಿದ್ದಕ್ಕಿಂತ ಗಾಲ್ಫ್ ಕ್ಲಬ್ಬುಗಳನ್ನು ಬಿಚ್ಚಿ ಕೂಡಿಸಿದ್ದೇ ಹೆಚ್ಚು. ಕಾರ್ಖಾನೆಯ ಟೂಲ್‌ರೂಮಿನಲ್ಲಿ 30 ವರ್ಷ ದುಡಿದು ನಿವೃತ್ತರಾದವರು, ಜಾಲಹಳ್ಳಿಯ ಮನೆಯ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ನನಗಾಗಿ ಒಂದು ಸೆಟ್ ಐರನ್ ಕೂಡಿಸಲು ಇಡೀ ಮಳೆಗಾಲ ತೆಗೆದುಕೊಂಡರು. ನಾಲ್ಕನೇ ನಂಬರಿನಿಂದ ಒಂಬತ್ತರವರೆಗೆ, ಜೊತೆಗೊಂದು ವೆಡ್ಜ್. ಏಳೇ ಏಳು. ಚೀಲದಲ್ಲಿ 14ರವರೆಗೆ ಇಟ್ಟುಕೊಳ್ಳಲು ನಿಯಮ ಬಿಡುತ್ತದೆ; ಮಿಕ್ಕವು ಮುಂದಿನ ಮಳೆಗಾಲಕ್ಕೆ ಎಂದರು.

“ಮಗಳ ಜಾತಕ ತೋರಿಸೋವಾಗ್ಲೂ ಇವ್ರು ಇಷ್ಟು ಕೂತು ನೋಡಿರ್ಲಿಲ್ಲ ಕಣೋ” ಎಂದಳು ಅಕ್ಕ, ಕಾಫಿ ಲೋಟ ತಂದಿಡುತ್ತ.

ನೋಡುವುದಕ್ಕೆ ಇದ್ದದ್ದೂ ಒಂಥರಾ ಜಾತಕವೇ. ಕ್ಲಬ್ಬಿನ ಕೋಲಾದ ಗ್ರಾಫೈಟ್ ಶಾಫ್ಟ್ ಎಂದರೆ ರಾಳ ಸವರಿದ ಕಾರ್ಬನ್ ಹಾಳೆಯನ್ನು ಉಕ್ಕಿನ ಸರಳಿಗೆ ಚಾಪೆಯಂತೆ ಸುತ್ತಿ, ಬೇಯಿಸಿ, ಸರಳನ್ನು ಎಳೆದು ತೆಗೆದ ಕೊಳವೆ. ಹಾಳೆಯ ಅಂಚಿನ ಮೇಲೆ ಅಂಚು ಹತ್ತಿದ ಕಡೆ ಕೂದಲೆಳೆಯಷ್ಟು ಬಿರುಸು ಉಳಿದುಬಿಡುತ್ತದೆ. ಯಾವ ಕಡೆಗೆ ತಿರುಗಿಸಿದರೂ ಶಾಫ್ಟು ಒಂದೇ ಸಮ ಬಾಗಬೇಕು ಎನ್ನುತ್ತದೆ ನಿಯಮದ ಪುಸ್ತಕ. ಶಾಫ್ಟು ಪುಸ್ತಕ ಓದಿರುವುದಿಲ್ಲ. ಬಲ್ಲವರು ಆ ಬಿರುಸಿಗೆ ‘ಸ್ಪೈನ್’ ಎನ್ನುತ್ತಾರೆ. ಭಾವ ‘ಮುಂಗೋಪದ ಕಡೆ’ ಎನ್ನುತ್ತಿದ್ದರು.

ಹಿಡಿಯ ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಹಿತ್ತಾಳೆಯ ತೂಕ, ಅದರ ನೆತ್ತಿಗೆ ಒಂದು ಲೇಸರ್ ಲೈಟು. ತುದಿಯನ್ನು ಬೆರಳಿನಿಂದ ಜಗ್ಗಿ ಬಿಟ್ಟರೆ ಗೋಡೆಯ ಮೇಲೆ ಕೆಂಪು ಚುಕ್ಕೆ ಕುಣಿಯುತ್ತಿತ್ತು. ಶಾಫ್ಟಿಗೆ ಹಿಡಿಸದ ದಿಕ್ಕಾದರೆ ಕ್ಷಣದಲ್ಲಿ ದಾರಿ ಬಿಟ್ಟು ಮೊಟ್ಟೆಯಾಕಾರ ಬರೆಯುವುದು. ವೈಸು ಸಡಿಲಿಸು, ಚೂರು ತಿರುಗಿಸು, ಮತ್ತೆ ಜಗ್ಗು. ಒಂದು ಕಡೆ ಬಂದಾಗ ಚುಕ್ಕೆ ತಕರಾರಿಲ್ಲದೆ ಒಂದೇ ಗೆರೆಯಲ್ಲಿ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಭಾವ ಉಸಿರು ಬಿಟ್ಟು, ಅಲ್ಲಿಗೆ ಬಿಳಿ ಪೆನ್ಸಿಲ್ಲಿನ ಗೀಟು ಎಳೆಯುವರು. ಎಲ್ಲ ಗೀಟುಗಳೂ ಚೆಂಡು ಹೋಗುವ ದಿಕ್ಕಿಗೆ ಸಾಲಾಗಿ ನಿಂತರೆ ಅದು ಸೆಟ್ಟು. ಇಲ್ಲದಿದ್ದರೆ ಬರೀ ಕೋಲುಗಳು.

ಬಾಬಿ ಜೋನ್ಸ್ ಕತೆ ಹೇಳಿದ್ದೂ ಅಲ್ಲೇ. 1930ರಲ್ಲಿ ಹಿಕರಿ ಮರದ ಶಾಫ್ಟುಗಳಲ್ಲೇ ಆಡಿ ನಾಲ್ಕು ದೊಡ್ಡ ಪಂದ್ಯ ಗೆದ್ದವನು. ಕೈಯಂದಾಜಿನಲ್ಲೇ ಆರಿಸಿದ್ದ ಅವನ ಕ್ಲಬ್ಬುಗಳನ್ನು ಮುಂದೆಂದೋ ಯಂತ್ರಕ್ಕೆ ಹಚ್ಚಿ ನೋಡಿದರೆ ಎಲ್ಲವೂ ಒಂದಕ್ಕೊಂದು ಹೊಂದಿದ್ದವಂತೆ, ಮ್ಯಾಷಿ ನಿಬ್ಲಿಕ್ ಒಂದು ಬಿಟ್ಟು. ಅವನಿಗೆ ಕೈಕೊಡುತ್ತಿದ್ದದ್ದೂ ಅದೇ ಅಂತೆ. “ನಮ್ಮ ಏಳನೇ ಐರನ್ನಿನ ಮುತ್ತಜ್ಜ ಅದು” ಎಂದರು ಭಾವ.

ಏಳನೆಯದರ ಶಾಫ್ಟು ಬಂದದ್ದು ಕೊನೆಗೆ, ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಭಾವನ ಬಲಗೈ ನಡುಗಲು ಶುರುವಾಗಿತ್ತು. ಜಗ್ಗಿ ಬಿಟ್ಟರು, ಮೊಟ್ಟೆ. ತಿರುಗಿಸಿದರು, ಮೊಟ್ಟೆ.

“ಎಲ್ಲ ಕಡೆನೂ ಮೊಟ್ಟೆ ಇಡ್ತಿದೆಯಲ್ಲೋ!” ನಕ್ಕರು. ಆಮೇಲೆ ಶಾಫ್ಟನ್ನೊಮ್ಮೆ, ಬೆರಳನ್ನೊಮ್ಮೆ ನೋಡಿಕೊಂಡು, “ಇದು ಇದರದ್ದೋ, ನನ್ನದೋ?” ಎಂದರು.

“ಶಾಫ್ಟಿನದೇ ಭಾವ” ಎಂದೆ.

ಕೂದಲನ್ನು ನೂರು ಪಾಲು ಮಾಡಿ ಅಳೆದು ಬದುಕಿದವರು. ನನ್ನ ಮಾತಿನ ಓರೆ ಎಷ್ಟೆಂದು ತಿಳಿಯದೆ ಇರಲಿಲ್ಲ. “ಹಾಗಾದ್ರೆ ಅಂಟಿಸಿಬಿಡು” ಎಂದು ಸ್ಟೂಲಿನ ಮೇಲೆ ಕೂತರು. ಗೀಟಿಲ್ಲದ ಶಾಫ್ಟಿಗೆ ನಾನೇ ಎಪಾಕ್ಸಿ ಕಲಸಿ ಹಚ್ಚಿ, ರಾತ್ರಿ ಒಣಗಲೆಂದು ಗೋಡೆಗೆ ಒರಗಿಸಿದೆ.

ನನ್ನ ಹೊಡೆತಕ್ಕೆ ಉಳಿದ ಆರು ಕ್ಲಬ್ಬುಗಳ ಚೆಂಡೂ ಒಗ್ಗಟ್ಟಿನಿಂದ ಬಲಗಡೆಯ ಪೊದೆಗೆ ಹೋಗುತ್ತದೆ. ಭಾವನ ಕೆಲಸದಲ್ಲಿ ಲೋಪವಿಲ್ಲ. ಏಳನೆಯದು ಮಾತ್ರ ಆಗೊಮ್ಮೆ ಈಗೊಮ್ಮೆ ನೆಟ್ಟಗೆ ಹೋಗಿಬಿಡುತ್ತದೆ. ಹೋದ ವಾರ ಫೋನಿನಲ್ಲಿ ಹಾಗೆಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಹಾಗಾಗಬಾರ್ದಲ್ಲ... ಭಾನುವಾರ ತಗೊಂಡು ಬಾ. ವೈಸಿಗೆ ಹಾಕಿ ನೋಡೋಣ.”

ವೈಸಿಗೆ ಅಕ್ಕ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಎರಡು ವರ್ಷವಾಯಿತು. ಬರುತ್ತೇನೆ ಎಂದೆ.