ಬ್ಯಾಡಗಿಯ ಕೆಂಪು

ಹಾವೇರಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಮೋಟೆಬೆನ್ನೂರಿನಲ್ಲಿ ಹೊರಳಿದರೆ ಬ್ಯಾಡಗಿ ಸಮೀಪಿಸುತ್ತದೆ. ಸುಗ್ಗಿಯ ದಿನಗಳಲ್ಲಿ ಊರು ಕಾಣುವ ಮೊದಲೇ ಅದರ ಘಾಟು ಬಂದು ಪ್ರಯಾಣಿಕನನ್ನು ಎದುರುಗೊಳ್ಳುವುದು. ಮಾರುಕಟ್ಟೆಯ ಪ್ರಾಂಗಣದೊಳಗೆ ಕಾಲಿಟ್ಟ ನಮಗೆ ಚೀಲಗಳ ಸಾಲಿನ ಕೊನೆಯೇ ಕಾಣದಾಯಿತು. ಕೆಮ್ಮದೆ ನಡೆಯುವವರು ಅಲ್ಲಿಯ ಹಮಾಲರು ಮಾತ್ರ.

ಮೆಣಸಿನಕಾಯಿ ನಮ್ಮ ನೆಲದ ಮೂಲ ಬೆಳೆಯಲ್ಲವೆಂಬುದನ್ನು ಓದುಗರು ನೆನೆಯಬೇಕು. ಅಮೇರಿಕ ಖಂಡದ ಈ ಕಾಯಿಯನ್ನು ಪೋರ್ಚುಗೀಜರು ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಕಲ್ಯಾಣದ ಮಹಾಮನೆಯ ದಾಸೋಹದಲ್ಲಿ ಶರಣರು ಸವಿದ ಖಾರ ಕಾಳುಮೆಣಸಿನದೇ ಇರಬೇಕು. ಇಂದು ಕೆಂಪುಖಾರವಿಲ್ಲದ ರೊಟ್ಟಿಯೂಟವನ್ನು ನಮ್ಮ ಮನೆಗಳಲ್ಲಿ ಊಹಿಸಲಾದೀತೇ? ಹೊರಗಿನದು ಹೀಗೆ ಒಳಗಿನದಾಯಿತು.

ಖಾರ ಹದವಾಗಿರಲಿ, ಸಾರಿಗೆ ಬಣ್ಣ ಬರಲಿ ಎಂದು ನಮ್ಮ ತಾಯಂದಿರು ಬ್ಯಾಡಗಿಯನ್ನು ಮೆಚ್ಚಿದರು. ಉದ್ದನೆಯ, ಸುಕ್ಕುಗಟ್ಟಿದ ಕಡ್ಡಿ. ಗಿಡ್ಡನೆಯ, ಗುಂಡಗಿನ ಡಬ್ಬಿ. ಹೆಸರು ಬ್ಯಾಡಗಿಯದಾದರೂ ಬೆಳೆ ಬಹುಪಾಲು ಧಾರವಾಡ, ಗದಗ ಸೀಮೆಯ ಮಳೆಯಾಶ್ರಿತ ಎರೆಭೂಮಿಯದು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ತಾಯಂದಿರು ಮೆಚ್ಚಿದ ಆ ಬಣ್ಣಕ್ಕೇ ಈಗ ದೂರದೇಶಗಳು ಬೆಲೆ ಕಟ್ಟುತ್ತಿವೆ. ಕಾಯಿಯನ್ನು ಪುಡಿಮಾಡಿ, ದ್ರಾವಕದಲ್ಲಿ ನೆನೆಸಿ, ಓಲಿಯೋರೆಸಿನ್ ಎಂಬ ಮಂದವಾದ ಕೆಂಪು ಸಾರವನ್ನು ಕಾರ್ಖಾನೆಗಳು ತೆಗೆಯುತ್ತವೆ. ಅದು ಪರದೇಶಗಳ ಆಹಾರ ಪದಾರ್ಥಗಳಿಗೆ, ತುಟಿಯ ಬಣ್ಣಗಳಿಗೆ ಸೇರುತ್ತದೆ. ಕಾಯಿಯ ಕೆಂಪನ್ನು ಅಳೆಯುವ ಮಾನವಾದ 'ಆಸ್ಟಾ' ಕೂಡ ಅಮೇರಿಕದ ಸಂಬಾರ ವ್ಯಾಪಾರಿಗಳ ಸಂಘದ ಹೆಸರಿನದೇ! ಕುಂದಗೋಳದ ಒಕ್ಕಲಿಗನ ಬೆವರಿಗೆ ಬೆಲೆ ಕಟ್ಟುವ ತಕ್ಕಡಿ ಎಲ್ಲಿ ತೂಗುತ್ತಿದೆಯೋ ಅವನು ಕಾಣನು. ಇತ್ತ ಬಳ್ಳಾರಿ, ಆಂಧ್ರದ ನೀರಾವರಿ ಹೊಲಗಳ ಹೈಬ್ರಿಡ್ ಕಾಯಿಗಳೂ ಇದೇ ಪೇಟೆಗೆ ಬಂದು ಬೀಳುತ್ತವೆ.

2024ರ ಮಾರ್ಚ್ 11ರ ಸೋಮವಾರ ಈ ಪ್ರಾಂಗಣ ಹೊತ್ತಿ ಉರಿಯಿತು. ಕೆಲವೇ ದಿನಗಳಲ್ಲಿ ಬೆಲೆ ಪಾತಾಳಕ್ಕಿಳಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಛೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯನ್ನು ನಾವು ಸಮರ್ಥಿಸೆವು. ಆದರೆ ಕಾಯಕವೇ ಕೈಲಾಸವೆಂದು ನಂಬಿದ ಸಮಾಜವು, ಕಾಯಕಕ್ಕೆ ತಕ್ಕ ಫಲ ಸಿಗದಾಗ ಕಾಯಕಜೀವಿಗೆ ಬರಿಯ ಸಹನೆಯನ್ನು ಬೋಧಿಸುವುದು ನಮಗೆ ಒಪ್ಪಿಗೆಯಿಲ್ಲ. ಇಟ್ಟುಕೊಂಡು ಮಾರಲು ಶೈತ್ಯಾಗಾರಗಳು ಈ ಊರಿನ ಸುತ್ತ ಬೇಕಾದಷ್ಟಿವೆ. ಸಾಲದ ಕಂತು ಹತ್ತಿರ ಬಂದವನು ಕಾಯಲಾರನು, ಹಣವುಳ್ಳವನು ಕಾಯಬಲ್ಲನು. ಬೆಲೆಯ ಏರಿಳಿತದ ಲಾಭ ಯಾರ ಪಾಲಿಗೆಂಬುದು ಇದರಿಂದಲೇ ತಿಳಿಯುತ್ತದೆ. ನಮ್ಮ ಸಮಾಜದ ಬಂಧುಗಳು ಬೆಳೆಯುವವರಲ್ಲಿಯೂ ಇದ್ದಾರೆ, ಕೊಳ್ಳುವವರಲ್ಲಿಯೂ ಇದ್ದಾರೆ; ಆದುದರಿಂದ ಈ ಮಾತು ಹೊರಗಿನವರಿಗಷ್ಟೇ ಆಡಿದ್ದಲ್ಲ.

ಒಂದು ಗೋದಾಮಿನ ಮುಂದೆ ಹೆಣ್ಣುಮಕ್ಕಳು ಸೆರಗಿನಿಂದ ಮೂಗು-ಬಾಯಿ ಮುಚ್ಚಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕೂಲಿ ತೂಕದ ಮೇಲೆ. ಈ ಕಾಯಿ ಎಲ್ಲಿಗೆ ಹೋಗುತ್ತದೆ ತಾಯೀ ಎಂದು ಹಿರಿಯಳೊಬ್ಬಳನ್ನು ಕೇಳಿದೆವು.

"ಫಾರಿನ್ನಿಗೆ ಹೋಕ್ಕಾವಂತ್ರಿ ಅಜ್ಜಾರ, ತುಟಿಗೆ ಹಚ್ಚೋ ಬಣ್ಣ ಮಾಡ್ತಾರಂತ" ಎಂದು ನಕ್ಕಳು. ಉರಿಯುತ್ತಿದ್ದ ಬೆರಳುಗಳನ್ನು ಪಕ್ಕದ ಬೋಗುಣಿಯ ನೀರಿನಲ್ಲಿ ಅದ್ದಿ ಮತ್ತೆ ಕೆಲಸಕ್ಕೆ ತೊಡಗಿದಳು.