ನಮ್ಮ ಮನೆಯ ಮೆಟ್ಟಿಲು

ಮನೆಯಲ್ಲಿ ಎಲ್ಲರೂ ತುಳಿಯುವ, ಆದರೆ ಯಾರೂ ಕ್ಷೇಮ ವಿಚಾರಿಸದ ವಸ್ತುವೆಂದರೆ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗಾದರೂ ಅರಿಶಿನ ಕುಂಕುಮ ಹಚ್ಚುವ ಭಕ್ತರುಂಟು. ಮನೆಯ ಮೆಟ್ಟಿಲಿಗೆ ಆ ಭಾಗ್ಯವೂ ಇಲ್ಲ. ಮುಳ್ಳೂರಿನ ನಮ್ಮ ಮನೆಯ ಹದಿಮೂರು ಮೆಟ್ಟಿಲುಗಳು ಬಹುಕಾಲ ಬರಿಯ ಸಿಮೆಂಟಿನಲ್ಲಿಯೇ ಇದ್ದು, ಅಂಚು ಒಡೆದು, ಇಲಿ ಕಡಿದ ರೊಟ್ಟಿಯಂತಾಗಿದ್ದುವು.

ನಮ್ಮೂರು ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿದೆ. ಕನ್ನಂಬಾಡಿ, ಕಬಿನಿ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟರೆಂದರೆ ನಮ್ಮ ಎದೆ ಡವಗುಟ್ಟತೊಡಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಹೊಳೆಯ ನೀರು ನಮ್ಮ ಮೂರನೆಯ ಮೆಟ್ಟಿಲವರೆಗೆ ಬಂದು ನಿಂತಿತ್ತು. ಮಹಡಿಯ ಮೇಲೆ ಕೋಣೆ ಎದ್ದುದು ಆಮೇಲೆ. ಭತ್ತದ ಮೂಟೆ, ಜಮೀನಿನ ಪತ್ರಗಳು, ನನ್ನ ಪುಸ್ತಕಗಳು, ಕೊನೆಗೆ ಅಜ್ಜಿಯ ಹಾಸಿಗೆ, ಎಲ್ಲವೂ ಮೇಲೇರಿದುವು. ಆದುದರಿಂದ ನಮಗೆ ಮೆಟ್ಟಿಲೆಂಬುದು ಮನೆಯ ಅಲಂಕಾರವಲ್ಲ. ದಡ ಹತ್ತುವ ದಾರಿ.

ಕಳೆದ ಬೇಸಿಗೆಯಲ್ಲಿ ದೊಡ್ಡಪ್ಪನ ಮಗ ಬೆಂಗಳೂರಿನಿಂದ ನಾಲ್ಕು ಪೆಟ್ಟಿಗೆ ಲ್ಯಾಮಿನೇಟ್ ಹಲಗೆಗಳನ್ನು ತಂದನು. ಅವನು ಅಲ್ಲಿ ಮನೆಗಳ ಒಳಗೆಲಸ ಮಾಡುವವನು. ಯಾರದೋ ಮನೆಗೆ ಹಾಸಿ ಮಿಕ್ಕ ಮಾಲು. ನೋಡಿದರೆ ಸಾಕ್ಷಾತ್ ತೇಗದ ಮರವೇ! ಅಜ್ಜಿ ಬೆರಳಿನಿಂದ ಸವರಿ, "ಇದು ಮರ ಅಲ್ಲ ಕನಪ್ಪ, ಮರದ ಪಟ" ಎಂದಳು. ಕಣ್ಣಿಗೆ ಪೊರೆ ಬಂದಿರುವ ಅಜ್ಜಿ ಹೇಳಿದ್ದೇ ಸರಿ. ಮರದ ನಾರನ್ನು ಬಿಗಿಯಾಗಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಸವೆತ ತಡೆಯುವ ಗಟ್ಟಿ ಮೆಲಮೈನ್ ಪದರ, ಇಷ್ಟೇ ಅದರ ಮರ್ಮ. 1977ರಲ್ಲಿ ಸ್ವೀಡನ್ ದೇಶದ ಪರ್ಸ್ಟಾರ್ಪ್ ಕಂಪನಿಯವರು ಇದನ್ನು ಕಂಡುಹಿಡಿದರಂತೆ. ಅವರ ಮುಂದೆ ಕಾವೇರಿ ಇರಲಿಲ್ಲ.

ಹಾಗೆಂದುಕೊಂಡು ನಾನು ಒಂದು ತುಂಡನ್ನು ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಅದರ ಅಂಚುಗಳು ನೆನೆದ ರಸ್ಕಿನಂತೆ ಉಬ್ಬಿದ್ದುವು. ಮೂರು ದಿನ ಒಣಗಿಸಿದರೂ ಉಬ್ಬು ಇಳಿಯಲಿಲ್ಲ. ಅಣ್ಣನಿಗೆ ತೋರಿಸಿ, ಕೆಳಗಿನ ನಾಲ್ಕು ಮೆಟ್ಟಿಲುಗಳಿಗೆ ಹಲಗೆ ಬೇಡವೆಂದೆ. "ಅರ್ಧಂಬರ್ಧ ಹಾಕಿದ್ರೆ ನೋಡೋರು ನಗಲ್ವ?" ಎಂದನು. ನಗುವವರು ಆಗಸ್ಟ್ ತಿಂಗಳಲ್ಲಿ ಬಂದು ನೋಡಲಿ ಎಂಬುದು ನನ್ನ ವಾದ. ಎರಡು ದಿನ ಮಾತು ನಡೆಯಿತು. ಹೇಗೂ ಹಲಗೆಗಳನ್ನು ಹಾಸುವ ಮೊದಲು ನಲವತ್ತೆಂಟು ಗಂಟೆ ಮನೆಯೊಳಗೇ ಮಲಗಿಸಿ, ಅಲ್ಲಿಯ ಹವೆಗೆ ಹೊಂದಿಸಬೇಕು. ಅಷ್ಟರಲ್ಲಿ ನಾವೂ ಹೊಂದಿಕೊಂಡೆವು.

ಆದರೆ ನಿಜವಾದ ತೊಡಕು ಬೇರೆಯೇ ಇತ್ತು. ಹಲಗೆಯೂ ಅಂಟೂ ಸೇರಿದರೆ ಒಂದು ಸೆಂಟಿಮೀಟರು ದಪ್ಪ. ಐದನೆಯ ಮೆಟ್ಟಿಲಿನಿಂದ ಹಾಸಿದರೆ ಅದೊಂದು ಮಾತ್ರ ಉಳಿದುವಕ್ಕಿಂತ ಒಂದು ಸೆಂಟಿಮೀಟರು ಎತ್ತರವಾಗುತ್ತದೆ. ಅಷ್ಟರಿಂದೇನು ಎನ್ನಬಹುದು. ವಾಸದ ಮನೆಯ ಮೆಟ್ಟಿಲು 190 ಮಿಲಿಮೀಟರಿಗಿಂತ ಎತ್ತರವಿರಬಾರದು, ಕಾಲಿಡುವ ಜಾಗ 250ಕ್ಕಿಂತ ಕಿರಿದಾಗಿರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮದು ಕ್ಷೇಮವೇ. ಆದರೆ ಕಾಲು ಸಂಹಿತೆಯನ್ನು ಓದಿಲ್ಲ. ಮೊದಲ ಎರಡು ಮೆಟ್ಟಿಲಿನಲ್ಲಿ ಅಳತೆ ಹಿಡಿದು, ಉಳಿದುದೆಲ್ಲ ಹಾಗೆಯೇ ಇದೆಯೆಂದು ನಂಬಿ ಏರುತ್ತದೆ. ತಲೆಯ ಮೇಲೆ ಭತ್ತದ ಮೂಟೆ ಹೊತ್ತವನಿಗೆ ಕಾಲಡಿ ಕಾಣುವುದಿಲ್ಲ; ಅಜ್ಜಿಗಂತೂ ಎಣಿಕೆಯೇ ಕಣ್ಣು. ಅಲ್ಲಿ ಒಂದು ಸೆಂಟಿಮೀಟರು ಹಲ್ಲು ಮುರಿಯಲು ಸಾಕು.

ಊರಿನ ಗಾರೆಯವರೊಬ್ಬರು ಇದಕ್ಕೆ ದಾರಿ ಹೇಳಿದರು. ಕೆಳಗಿನ ನಾಲ್ಕು ಮೆಟ್ಟಿಲುಗಳ ಮೈಯನ್ನು ಉಳಿಯಿಂದ ಕೊಚ್ಚಿ, ಕೆಂಪು ಬಣ್ಣದ ಗಾರೆಯನ್ನು ಅಷ್ಟೇ ದಪ್ಪಕ್ಕೆ, ಹೊಳಪು ಕೊಡದೆ ಹಾಕಿದರು. ಪಡಸಾಲೆಯ ನೆಲಕ್ಕೆ ಎರಡು ಸಲ ಗಾರೆ ಬಿದ್ದು ಮೊದಲ ಮೆಟ್ಟಿಲು ಮೊದಲೇ ಗಿಡ್ಡವಾಗಿತ್ತು. ಈಗ ಅದೂ ಸರಿಹೋಯಿತು. ಮೇಲ್ಗಡೆ ಕೋಣೆಯ ಮುಂದಿನ ಚಿಕ್ಕ ಓಣಿಗೂ ಹಲಗೆ ಹಾಸಿದುದರಿಂದ ಕೊನೆಯ ಮೆಟ್ಟಿಲಿನ ಲೆಕ್ಕವೂ ಕೂಡಿತು.

ಹಲಗೆ ಹಾಸುವ ಕೆಲಸ ನಾನು ತಿಳಿದಷ್ಟು ಸುಲಭವಲ್ಲ. ನೆಲದ ಮೇಲಾದರೆ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಗೋಡೆಯ ಬಳಿ ಹಿಗ್ಗಲು ಸಂದು ಬಿಟ್ಟು, ಅಂಟಿಲ್ಲದೆ ಹಾಸುತ್ತಾರೆ. ಮೆಟ್ಟಿಲಿನ ಮೇಲೆ ಆ ಸಡಿಲ ನಡೆಯದು. ಪೂರಾ ಅಂಟಿಸಿ, ಮುಂದಿನ ಅಂಚಿಗೆ ಅಲ್ಯೂಮಿನಿಯಮ್ ಪಟ್ಟಿಯನ್ನು ತಿರುಪು ಹಾಕಿ ಬಿಗಿಯಬೇಕು. ನಮ್ಮ ಪಟ್ಟಿಗಳ ಮೇಲೆ ಜಾರದಂತೆ ಗೀರುಗಳಿವೆ. ಒಂದು ಮೆಟ್ಟಿಲಿನಂತೆ ಇನ್ನೊಂದಿಲ್ಲವಾದ್ದರಿಂದ ಪ್ರತಿಯೊಂದಕ್ಕೂ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ ಹಲಗೆ ಕೊಯ್ದೆವು. ಒಂಬತ್ತು ಮೆಟ್ಟಿಲುಗಳಿಗೆ ಮೂರು ದಿನ ಹಿಡಿಯಿತು.

ಅವ್ವನಿಗೆ ಮಾತ್ರ ಇಂದಿಗೂ ಸಮಾಧಾನವಿಲ್ಲ. ಬಕೆಟ್ಟು ನೀರು ಸುರಿದು ತೊಳೆಯುವಂತಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ತೊಳೆಯಲಾಗದ ಮೆಟ್ಟಿಲು ಅವಳ ದೃಷ್ಟಿಯಲ್ಲಿ ಮೈಲಿಗೆ. ಆದುದರಿಂದ ಕೆಳಗಿನ ನಾಲ್ಕನ್ನು ದಿನಾ ಎರಡೆರಡು ಸಲ ತೊಳೆದು ಸೇಡು ತೀರಿಸಿಕೊಳ್ಳುತ್ತಾಳೆ!

ಐದನೆಯ ಮೆಟ್ಟಿಲಿನ ಮೂಲೆಯಲ್ಲಿ ಒಂದಿಷ್ಟು ಅಂಟು ಹೊರಗೆ ಉಕ್ಕಿ ಒಣಗಿ ಗಂಟಾಗಿತ್ತು. ಅಣ್ಣ ಅದನ್ನು ಕೆರೆಯಲು ಹೋದರೆ ಅಜ್ಜಿ ತಡೆದಳು. "ಇರ್ಲಿ ಬುಡು, ಮರದ ಪಟ ಇಲ್ಲಿಂದ ಸುರು ಅಂತ ಕಾಲ್ಗೆ ಗೊತ್ತಾಗ್ಲಿ" ಎಂದಳು. ಅದು ಈಗಲೂ ಅಲ್ಲಿಯೇ ಇದೆ.