ರಕ್ತಪಿಶಾಚಿಯ ಹೊಟ್ಟೆಪಾಡು

ಪಿಶಾಚಿಗೆ ಮೈ ಇದೆ ಎಂದು ಒಪ್ಪಿದ ಮರುಕ್ಷಣವೇ ಅದಕ್ಕೊಂದು ಹೊಟ್ಟೆಯೂ ಇದೆ ಎಂದು ಒಪ್ಪಬೇಕಾಗುತ್ತದೆ. ಹೊಟ್ಟೆ ಬಂದ ಮೇಲೆ ಹಸಿವು, ಅಜೀರ್ಣ, ಬಚ್ಚಲಮನೆ ಎಲ್ಲ ಸಾಲಾಗಿ ಬರುತ್ತವೆ. ನಮ್ಮ ಕುಂದಾಪುರದ ಕಡೆಯವರು ಈ ತಾಪತ್ರಯವನ್ನು ಮೊದಲೇ ಊಹಿಸಿದ್ದರೋ ಏನೋ, ತಮ್ಮ ದೈವಗಳಿಗೆ ಸ್ವಂತ ಮೈಯನ್ನೇ ಕೊಡಲಿಲ್ಲ. ಹಾಯ್ಗುಳಿಯಾಗಲಿ ಬೊಬ್ಬರ್ಯನಾಗಲಿ ಊರವರೊಡನೆ ಮಾತಾಡಬೇಕಾದರೆ ಪಾತ್ರಿಯ ಮೈಮೇಲೆ ಬರಬೇಕು. ದರ್ಶನ ಮುಗಿದ ಮೇಲೆ ಮೈ ಪಾತ್ರಿಯದ್ದು, ಅದರ ಸೊಂಟನೋವೂ ಅವನದ್ದೇ. ಯುರೋಪಿನ ರಕ್ತಪಿಶಾಚಿಯ ಕಥೆ ಹಾಗಲ್ಲ. ಅವನು ಸತ್ತ ಮೇಲೂ ತನ್ನದೇ ಹೆಣ ಹೊತ್ತು ಓಡಾಡಬೇಕು. ಓಡಾಡುವ ಮೈಗೆ ಖರ್ಚಿದೆ.

ಈ ಖರ್ಚಿನ ವಿಚಾರ ನನ್ನ ತಲೆಗೆ ಹತ್ತಿಸಿದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಾತ್ರಿ ಹೊತ್ತು ಕಥೆ ಬರೆಯುವ ಚಟ. ಈಗೊಂದು ಕಲ್ಪನೆಯ ಲೋಕ ಕಟ್ಟುತ್ತಿದ್ದಾನಂತೆ. ಅದರಲ್ಲಿ ತ್ರಾಸಿಯ ಕಡಲ ಬದಿಗೆ ಒಬ್ಬ ರಕ್ತಪಿಶಾಚಿ ಬಂದು ಬಿಡಾರ ಹೂಡುತ್ತಾನಂತೆ. "ಮಾವ, ಅವ್ನ ಮೈ ಹ್ಯಾಂಗ್ ನಡೀತ್ತ್ ಅಂದೇಳಿ ಗೊತ್ತಾತಿಲ್ಲ ಕಾಣಿ" ಎಂದ. ಒಳಗಿನಿಂದ ಅಕ್ಕ, "ಕತಿ ಅಲ್ದನಾ, ಹ್ಯಾಂಗಾರೂ ನಡಿಲಿ ಬಿಡು" ಎಂದಳು.

ಅಕ್ಕನ ಮಾತನ್ನು ನಾನು ಒಪ್ಪಲಾರೆ. ತಾಳಮದ್ದಳೆ ಕೇಳಿ ಬೆಳೆದವರು ಯಾರೂ ಒಪ್ಪಲಾರರು. ರಕ್ತಬೀಜನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಹುಟ್ಟುತ್ತಾನೆ ಎಂದರೆ ಅಲ್ಲಿ ಯಾರೂ "ಅದು ಹೇಗೆ ಸಾಧ್ಯ" ಎಂದು ಕೇಳುವುದಿಲ್ಲ. ಕೇಳಿದವನೇ ಮೂರ್ಖ. ಆದರೆ ಒಪ್ಪಿಕೊಂಡ ಮೇಲೆ ಅರ್ಥಧಾರಿ ಆ ಷರತ್ತಿನೊಳಗೇ ನಿಂತು ವಾದಿಸಬೇಕು. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿಯಂತೆ ಹಿಡಿದರೂ ಐದು ಲೀಟರ್ ರಕ್ತದಲ್ಲಿ ಒಂದು ಲಕ್ಷ ಹನಿ, ಅಂದರೆ ಒಂದು ಲಕ್ಷ ರಕ್ತಬೀಜರು. ಯಾವ ಮೇಳಕ್ಕೂ ಅಷ್ಟು ವೇಷ ಕಟ್ಟಲು ಆಗದು. ಹಾಗಾಗಿ ಚಾಮುಂಡಿ ನಾಲಗೆ ಚಾಚಿ ರಕ್ತ ಕುಡಿದದ್ದು ಬರೇ ರೌದ್ರವಲ್ಲ. ಹನಿ ನೆಲ ಮುಟ್ಟದಂತೆ ತಡೆಯಲು ಅಲ್ಲಿದ್ದ ಒಂದೇ ದಾರಿ. ದುಶ್ಶಾಸನನ ರಕ್ತದ ವಿಷಯವೂ ಅಷ್ಟೆ. ಸ್ತ್ರೀಪರ್ವದಲ್ಲಿ ಗಾಂಧಾರಿ ಮೂದಲಿಸಿದಾಗ ಭೀಮ, ರಕ್ತ ನನ್ನ ಹಲ್ಲು ತುಟಿ ದಾಟಿ ಒಳಗೆ ಹೋಗಲಿಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ನುಂಗಿದನೋ ಇಲ್ಲವೋ ಎಂಬುದರ ಮೇಲೆ ಪಾಪಪುಣ್ಯ ನಿಲ್ಲುವ ಲೋಕ ಅದು. ಸುಳ್ಳನ್ನು ಒಮ್ಮೆ ಒಪ್ಪಿಬಿಡಿ, ಆಮೇಲೆ ಲೆಕ್ಕ ತಪ್ಪಬಾರದು. ಅಳಿಯನಿಗೂ ಇದನ್ನೇ ಹೇಳಿ, ಇಬ್ಬರೂ ಲೆಕ್ಕಕ್ಕೆ ಕೂತೆವು.

ರಕ್ತ ಬಹಳ ಬಡ ಊಟ. ಅದರಲ್ಲಿ ಬಹುಪಾಲು ನೀರು. ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನು. ಕೊಬ್ಬು, ಸಕ್ಕರೆ ಹೆಸರಿಗಷ್ಟೆ. ಒಂದು ಲೀಟರಿನಿಂದ ಹೆಚ್ಚೆಂದರೆ 700–800 ಕ್ಯಾಲೊರಿ. ಆಳೆತ್ತರದ ಮೈಗೆ ದಿನಕ್ಕೆ 2000 ಬೇಕೆಂದರೂ ಮೂರು ಲೀಟರಿಗೆ ಸಮೀಪ ಕುಡಿಯಬೇಕು. ಮನುಷ್ಯನ ಮೈಯಲ್ಲಿರುವುದೇ ಐದು ಲೀಟರ್. ಕೊಲ್ಲುವ ಮನಸ್ಸಿಲ್ಲದ ಸಭ್ಯ ಪಿಶಾಚಿಯಾದರೆ, ರಕ್ತದಾನ ಶಿಬಿರದವರ ಹಾಗೆ ತಲಾ 350 ಮಿಲಿಲೀಟರ್ ತೆಗೆದುಕೊಳ್ಳಲಿ. ದಿನಕ್ಕೆ ಎಂಟು ಮಂದಿ ಬೇಕು. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು, ಹೆಂಗಸಾದರೆ ನಾಲ್ಕು. ಅಲ್ಲಿಗೆ ಒಬ್ಬನೇ ಒಬ್ಬ ಪಿಶಾಚಿಯ ನಿತ್ಯದ ಊಟಕ್ಕೆ ಏಳುನೂರಕ್ಕೂ ಹೆಚ್ಚು ಜನರ ಸರದಿ ಪಟ್ಟಿ. ಮದುವೆಮನೆಯ ಊಟದ ಲೆಕ್ಕವೇ ಇದಕ್ಕಿಂತ ಸಲೀಸು.

ಕಬ್ಬಿಣದ ಕಥೆ ಬೇರೆ. ಮನುಷ್ಯನ ಮೈ ಊಟದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ. ಮೂರು ಲೀಟರ್ ರಕ್ತದಲ್ಲಿರುವುದು ಸಾವಿರ ಮಿಲಿಗ್ರಾಮಿಗೂ ಮೇಲೆ. ಅಷ್ಟನ್ನೂ ಒಳಗೆ ಬಿಟ್ಟುಕೊಂಡರೆ ಪಿತ್ತಜನಕಾಂಗ ವಾರದೊಳಗೆ ಕೈಯೆತ್ತೀತು. ಹಾಗಾಗಿ ಬಂದ ಕಬ್ಬಿಣವನ್ನು ಬಂದ ದಾರಿಯಲ್ಲೇ ಮುಂದಕ್ಕೆ ಕಳಿಸುವ ಕರುಳು ಈ ಪಿಶಾಚಿಗೆ ಇರಲೇಬೇಕು ಎಂದು ಅಳಿಯ ಬರೆದುಕೊಂಡ.

ಇದನ್ನೆಲ್ಲ ನಿಜವಾಗಿ ನಿಭಾಯಿಸುವ ಪ್ರಾಣಿ ಇದೆ. ನಮ್ಮ ಬಾವಲಿಯಲ್ಲ ಮತ್ತೆ. ಇಲ್ಲಿಯದು ಗೇರುಹಣ್ಣು ಕಚ್ಚಿ ಬೀಜವನ್ನು ಅಂಗಳದಲ್ಲಿ ಬೀಳಿಸಿಹೋಗುವ ಸಾಧು. ರಕ್ತ ಕುಡಿಯುವ ಬಾವಲಿ ಮೂರೇ ಜಾತಿ, ಮೂರೂ ಇರುವುದು ಮೆಕ್ಸಿಕೋದಿಂದ ಕೆಳಗೆ ಅಮೆರಿಕ ಖಂಡದಲ್ಲಿ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವ ಒಂದೇ ಸಲಕ್ಕೆ ತನ್ನ ತೂಕದ ಅರ್ಧದಷ್ಟು ಕುಡಿಯುತ್ತದೆ. ಹಾರಲು ಹಗುರಾಗಬೇಕಲ್ಲ, ಕುಡಿಯುತ್ತ ಕುಡಿಯುತ್ತಲೇ ಉಚ್ಚೆ ಹೊಯ್ಯಲು ಶುರುಮಾಡುತ್ತದೆ. ಸಿನಿಮಾದವರು ಇದನ್ನು ತೋರಿಸುವುದಿಲ್ಲ. ಕರಿ ಕೋಟು ತೊಟ್ಟ ದೊರೆ ಸುಂದರಿಯ ಕತ್ತಿಗೆ ಬಾಯಿಟ್ಟು ನಡುವೆ "ಒಂದ್ನಿಮಿಷ" ಎಂದು ಹಿತ್ತಲಿಗೆ ಓಡಿದರೆ ಮುಂದಿನ ಸಾಲಿನವರು ಶಿಳ್ಳೆ ಹೊಡೆದಾರು.

ಬಾವಲಿಯ ಇನ್ನೊಂದು ಕಷ್ಟ, ಎರಡು ಮೂರು ರಾತ್ರಿ ಊಟ ತಪ್ಪಿದರೆ ಅದು ಸತ್ತೇಹೋಗುತ್ತದೆ. ಆಗ ಬದುಕಿಸುವುದು ನೆರೆಕರೆ. ಹೊಟ್ಟೆ ತುಂಬಿದ ಬಾವಲಿ ಹಸಿದದ್ದರ ಬಾಯಿಗೆ ತಾನು ಕುಡಿದದ್ದನ್ನೇ ಕಕ್ಕಿ ಕೊಡುತ್ತದೆ. ಜೆರಾಲ್ಡ್ ವಿಲ್ಕಿನ್‌ಸನ್ ಎಂಬ ವಿಜ್ಞಾನಿ 1984ರಲ್ಲಿ ಇದನ್ನು ಬರೆದರು: ಕೊಡುವುದು ರಕ್ತಸಂಬಂಧಿಗಳಿಗೆ ಮಾತ್ರವಲ್ಲ, ಜತೆಯಲ್ಲಿ ಬಹಳ ಕಾಲ ತಂಗಿದ ನೆರೆಯವರಿಗೂ.

ಬಾವಲಿ ಬೇಡವೆಂದರೆ ಉಂಬಳ ಇದೆ. ಮಳೆಗಾಲದಲ್ಲಿ ಕೊಲ್ಲೂರು ಘಾಟಿಯ ಕಾಡಿನಲ್ಲಿ ನಡೆದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಅದು ತನ್ನ ತೂಕದ ಹಲವು ಪಟ್ಟು ಕುಡಿದು ಉರುಳಿಬಿದ್ದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಗುಟ್ಟು ಇಷ್ಟೆ: ಮೈ ತಣ್ಣಗೆ, ಮೈ ಬೆಚ್ಚಗಿಡುವ ಖರ್ಚಿಲ್ಲ. ಬ್ರಾಮ್ ಸ್ಟೋಕರ್ 1897ರ ಕಾದಂಬರಿಯಲ್ಲಿ ಡ್ರಾಕುಲಾನ ಕೈಯನ್ನು ಮಂಜಿನಂತೆ ತಣ್ಣಗೆ ಮಾಡಿದ್ದು ಹೆದರಿಸಲಿಕ್ಕೆ ಇರಬಹುದು. ನನಗೆ ಅದು ಒಳ್ಳೆಯ ಉಳಿತಾಯವಾಗಿ ಕಾಣುತ್ತದೆ. ಆದರೆ ತಣ್ಣನೆಯ ಮೈಗೆ ಗೋಡೆ ಹತ್ತುವ ಚುರುಕು ಎಲ್ಲಿಂದ? ಬಾವಲಿಯ ಚುರುಕೂ ಬೇಕು, ಉಂಬಳದ ಉಪವಾಸವೂ ಬೇಕು ಎಂದರೆ ನಡೆಯದು. "ಒಂದನ್ ಆರ್ಸ್ಕೊ" ಎಂದೆ.

ಇನ್ನು ಊರಿನ ವಿಚಾರ. ಸ್ಟೋಕರನ ನಿಯಮದಂತೆ ಪಿಶಾಚಿ ಹರಿಯುವ ನೀರನ್ನು ಉಬ್ಬರದ ಹೊತ್ತಿಗೋ ನೀರು ನಿಂತ ಹೊತ್ತಿಗೋ ಮಾತ್ರ ದಾಟಬಲ್ಲ. ಅಂಥವನು ತ್ರಾಸಿ–ಮರವಂತೆಗೆ ಬಂದನೆನ್ನಿ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ತೆಂಕಣಕ್ಕೆ ಹೋದರೆ ಗಂಗೊಳ್ಳಿಯ ಅಳಿವೆ. ಉಳಿದದ್ದು ಬೈಂದೂರಿನ ದಿಕ್ಕು. ಮೀನುಗಾರರಷ್ಟೇ ಶ್ರದ್ಧೆಯಿಂದ ಉಬ್ಬರ ಇಳಿತ ನೋಡಿ ಅವನು ಊಟಕ್ಕೆ ಹೊರಡಬೇಕು. ಬಿಸಿಲಿನ ಮಟ್ಟಿಗೆ ಸ್ಟೋಕರ್ ಉದಾರಿ. ಅವನ ಡ್ರಾಕುಲಾ ಹಗಲು ಹೊತ್ತೂ ತಿರುಗಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಬಿಸಿಲು ತಾಗಿ ಸಾಯುವ ಪಿಶಾಚಿ ಬಂದದ್ದು 1922ರ 'ನಾಸ್ಫೆರಾಟು' ಸಿನಿಮಾದಿಂದ. ಏಪ್ರಿಲ್ ತಿಂಗಳಲ್ಲಿ ತ್ರಾಸಿಯ ಮರಳಿನ ಮೇಲೆ ನಿಂತರೆ ನಾಸ್ಫೆರಾಟುವಿನ ಮಾತೇ ಸರಿ ಅನ್ನಿಸುತ್ತದೆ.

ಬೆಳ್ಳುಳ್ಳಿಯಿಂದ ರಕ್ಷಣೆ ಸಿಗುವುದಾದರೆ ಕುಂದಾಪುರದ ಕೋಳಿಸಾರು ಉಂಡವರು ಇಡೀ ವಾರ ನಿಶ್ಚಿಂತೆ. ಆದರೆ ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಜೋಯೀನ್ ಎಂಬ ರಾಸಾಯನಿಕ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಬರುತ್ತದೆ. ಉಂಬಳವೂ ಬಾವಲಿಯೂ ಜೊಲ್ಲಿನಲ್ಲಿ ಕಷ್ಟಪಟ್ಟು ತಯಾರಿಸುವ ಗುಣ ಅದೇ. ಹಾಗೆ ನೋಡಿದರೆ ಪಿಶಾಚಿ ಬೆಳ್ಳುಳ್ಳಿಗೆ ಕೈಮುಗಿಯಬೇಕಿತ್ತು. ಮನೆಯವರು ಕರೆಯದೆ ಒಳಗೆ ಬರಲಾರ ಎಂಬ ನಿಯಮವೂ ನಮ್ಮಲ್ಲಿ ನಿಲ್ಲದು. ಅಂಗಳಕ್ಕೆ ಬಂದವರನ್ನು "ಬನ್ನಿ, ಕೂಕಣಿ" ಎನ್ನದೆ ಯಾರಿಗೆ ಬಾಯಿ ಸುಮ್ಮನಿರುತ್ತದೆ? ಘಟ್ಟದ ಮೇಲಿನವರು ಜಾಣರು, 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಕರೆಯುವುದನ್ನೇ ದಿನದಿನವೂ ಮುಂದೆ ಹಾಕಿದರು.

ಕಚ್ಚಿಸಿಕೊಂಡವರೆಲ್ಲ ಪಿಶಾಚಿಯಾಗುತ್ತಾರೆ ಎಂಬ ಮಾತನ್ನು ಮಾತ್ರ ಅಳಿಯನ ಲೋಕದಿಂದ ಹೊಡೆದುಹಾಕಿಸಿದೆ. ಕೋಸ್ಟಾಸ್ ಎಫ್ತಿಮಿಯು, ಸೊಹಾಂಗ್ ಗಾಂಧಿ ಎಂಬಿಬ್ಬರು 2006ರಲ್ಲಿ ಲೆಕ್ಕ ಹಾಕಿದ್ದಾರೆ: 1600ನೇ ಇಸವಿಯಲ್ಲಿ ಒಂದೇ ಪಿಶಾಚಿ ಇದ್ದು, ಪ್ರತಿಯೊಂದೂ ತಿಂಗಳಿಗೆ ಒಬ್ಬರನ್ನು ಕಚ್ಚಿದ್ದರೆ ಸುಮಾರು 54 ಕೋಟಿ ಮನುಷ್ಯರೂ ಎರಡೂವರೆ ವರ್ಷದಲ್ಲಿ ಮುಗಿದುಹೋಗುತ್ತಿದ್ದರು. ಆಮೇಲೆ ಕುಡಿಯುವುದು ಯಾರ ರಕ್ತ? ರಕ್ತಬೀಜನಾದರೂ ತನ್ನ ರಕ್ತ ಚೆಲ್ಲಿ ಬೆಳೆಯುತ್ತಾನೆ, ಇವರು ಊಟದ ಎಲೆಯನ್ನೇ ನುಂಗುವವರು.

ಇಷ್ಟಾಗುವಾಗ ಅಳಿಯನ ಮುಖ ಸಣ್ಣದಾಗಿತ್ತು. "ಅಲ್ಲ ಮಾವ, ಇಷ್ಟೆಲ್ಲ ಲೆಕ್ಕ ಇಟ್ರೆ ಹೆದ್ರಿಕೆ ಎಲ್ ಉಳೀತ್?" ಎಂದ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ನೀರು ರಕ್ತದಂತೆ ಕೆಂಪಾಗುತ್ತದೆ. ಅದನ್ನೇ ನಿವಾಳಿಸಿ ಚೆಲ್ಲಿ ದೃಷ್ಟಿಯನ್ನು ಸಮಾಧಾನ ಮಾಡಿ ಕಳಿಸುವವರು ನಾವು. ಮೈಯಿಲ್ಲದ್ದಕ್ಕೆ ಬಣ್ಣ ಸಾಕು. ಮೈಯಿದ್ದವನಿಗೆ ಸಾಲದು, ಅವನಿಗೆ ಕ್ಯಾಲೊರಿ ಬೇಕು. ಏನು ಬೇಕಾದರೂ ಮಾಡಬಲ್ಲ ಪಿಶಾಚಿ ಬಂದರೂ ಒಂದೇ ಹೋದರೂ ಒಂದೇ. ಇಳಿತ ಶುರುವಾಗುವ ಮೊದಲು ಹೊಳೆ ದಾಟಬೇಕು, ಬೆಳಗಾಗುವುದರೊಳಗೆ ಎಂಟು ಮಂದಿ ಸಿಗಬೇಕು, ಸಿಕ್ಕದಿದ್ದರೆ ನಾಳಿದ್ದಿಗೆ ಸಾವು ಎಂಬ ಪಿಶಾಚಿ ಇದ್ದಾನಲ್ಲ, ಹೆದರಬೇಕಾದ್ದು ಅವನಿಗೆ.